ಸತ್ಯಪ್ಪನ ಮುಂದೆ ನುಡಿಯದ ಟ್ರಂಪೆಟ್

ಭರಮಣ್ಣ ತೀರಿಕೊಂಡು ನಲವತ್ತು ದಿನವೂ ಆಗಿಲ್ಲ. ಆಗಲೇ ಜನ ಅವನನ್ನು ಮೆತ್ತಗಿನ ಮನುಷ್ಯ ಎಂದು ಹೊಗಳತೊಡಗಿದ್ದಾರೆ. ಅದು ಸುಳ್ಳು. ಅವನು ಹಟಮಾರಿ, ಸೇಡು ಮರೆಯದವನು. ಹಾಗೆಂದು ಬರೆದರೇ ಅವನಿಗೆ ನ್ಯಾಯ.

ಖಾನಾಪುರದ ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವನು ಬೆಳಗಾವಿಯ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಕಲಿತ. ಅವನ ಬಲಕ್ಕೆ ಟ್ರಂಬೋನ್ ಊದುವ ಸತ್ಯಪ್ಪ, ಎಡಕ್ಕೆ ಸ್ಯಾಕ್ಸೋಫೋನಿನ ದಿಗಂಬರ. ಬೆಳಗಾವಿಯ ಹಿಂದವಾಡಿ ಬಡಾವಣೆಯ ತುಷಾರ ಪುಣೆಗೆ ಹೋಗಿ ರಾಕ್ ಗಾಯಕನಾಗಿ ದೇಶಕ್ಕೆಲ್ಲ ಹೆಸರಾದಾಗ, ತನ್ನ ಹಾಡುಗಳ ಹಿಂದೆ ಊದಲು ಊರಿನ ಈ ಮೂವರನ್ನೇ ಕರೆಸಿಕೊಂಡ. ಹನ್ನೊಂದು ವರ್ಷ ಊದಿದರು. ದೀಪವೆಲ್ಲ ತುಷಾರನ ಮೇಲೆ, ಇವರು ಡ್ರಮ್ಮಿನ ಹಿಂದಿನ ಕತ್ತಲಲ್ಲಿ. ಭರಮಣ್ಣನಿಗೆ ಅದರ ಬೇಸರವಿರಲಿಲ್ಲ.

"ಮದುವ್ಯಾಗ ಬ್ಯಾಂಡಿನಾವನ ಮಾರಿ ಯಾರ ನೋಡ್ತಾರ್ಲೇ? ಮದುಮಗನ್ನ ನೋಡ್ತಾರ. ಊಟಾ ಹಾಕಿದ್ರ ಅವನ್ನೂ ನೋಡಾಂಗಿಲ್ಲ!" ಎಂದು ನಗುತ್ತಿದ್ದ.

ಊರವರ ಹೆಣದ ಮುಂದೆಯೂ ಊದುತ್ತಿದ್ದ ಬ್ಯಾಂಡಿನವರಲ್ಲಿ ಒಂದು ಕಟ್ಟುಪಾಡಿತ್ತು. ಬ್ಯಾಂಡಿನವನು ಸತ್ತರೆ ಅವನ ಜೊತೆಗಾರರೇ ಹೆಣದ ಮುಂದೆ ಅಂತ್ಯಯಾತ್ರೆಯ ಧಾಟಿ ನುಡಿಸಬೇಕು. ಒಮ್ಮೆ ಶುರುವಾದದ್ದನ್ನು ನಡುವೆ ಯಾರೂ ನಿಲ್ಲಿಸುವಂತಿಲ್ಲ. ಕೇಳಿದವರು ಚಪ್ಪಲಿ ಕಳಚಿ ಏಳು ಹೆಜ್ಜೆಯಾದರೂ ಹಿಂದೆ ನಡೆಯಬೇಕು.

ಎದೆನೋವೆಂದು ರಜೆ ಹಾಕಿ ಖಾನಾಪುರದ ತನ್ನ ಮನೆಗೆ ಹೋಗಿದ್ದ ಸತ್ಯಪ್ಪ ಒಂದು ಬೆಳಗಿನ ಜಾವ ತೀರಿಕೊಂಡ. ಪುಣೆಯಲ್ಲಿದ್ದ ಭರಮಣ್ಣನಿಗೆ ಸತ್ಯಪ್ಪನ ಹೆಂಡತಿ ಸಿದ್ದಕ್ಕ ಫೋನು ಮಾಡಿದಳು.

"ಅಣ್ಣಾ, ಹೊತ್ತ ಮುಣಗೂದ್ರಾಗ ಮಣ್ಣ ಮಾಡ್ತಾರ. ಲಗೂ ಬರ್ರಿ."

ಅಂದು ಹೊಸ ಹಾಡಿನ ರೆಕಾರ್ಡಿಂಗ್ ಇತ್ತು. ಬಸ್ ಹಿಡಿಯೋಣ ಎಂದು ದಿಗಂಬರ ಚೀಲ ಹೆಗಲಿಗೇರಿಸಿದ. ತುಷಾರ ತಡೆದ.

"ಭರಮಣ್ಣಾ, ಒಂದ ಸಲ ಊದಿ ಹೋಗ್ರಿ. ಒಂಬತ್ತಕ್ಕ ಬಿಡ್ತೇನಿ. ನನ್ನ ಗಾಡೀನ ತಗೊಂಡ ಹೋಗ್ರಿ, ಸಂಜೀಕಿಂತ ಮೊದಲ ಮುಟ್ಟತೀರಿ."

"ನಮ್ಮೂರ ಹುಡುಗ. ಮಾತ ತಪ್ಪಾಂಗಿಲ್ಲ," ಎಂದು ಭರಮಣ್ಣ ದಿಗಂಬರನನ್ನು ಕೂರಿಸಿದ. ಬದುಕಿನಲ್ಲಿ ಅವನು ಮಾಡಿದ ದೊಡ್ಡ ತಪ್ಪು ಅದೇ.

ಒಂಬತ್ತು ಹೋಗಿ ಮಧ್ಯಾಹ್ನ ಎರಡಾಯಿತು. ಕೇಳಿದಾಗಲೆಲ್ಲ ತುಷಾರ ಗಾಜಿನಾಚೆಯಿಂದ ಇನ್ನೊಂದು ಸಲ ಎಂದು ಬೆರಳೆತ್ತಿದ. ಕೊನೆಗೆ ಹೊರಗೆ ಬಂದರೆ ಗಾಡಿಯಿಲ್ಲ, ಯಾರೋ ಅತಿಥಿಗಳನ್ನು ಬಿಡಲು ಹೋಗಿತ್ತು. ಬಸ್ಸು ಬದಲಿಸುತ್ತ ಖಾನಾಪುರ ಮುಟ್ಟಿದಾಗ ಎಲ್ಲ ಮುಗಿದಿತ್ತು.

"ಬೆಳಕ ಇರೂತನಕ ಕಾದ್ವಿ," ಎಂದಳು ಸಿದ್ದಕ್ಕ. "ಮೂವತ್ತ ವರ್ಷ ಊರ ಮಂದಿ ಹೆಣದ ಮುಂದ ಊದಿದಾಂವ, ಮೂಕನಂಗ ಹೋದ."

ತುಷಾರ ಬರಲಿಲ್ಲ, ಫೋನನ್ನೂ ಮಾಡಲಿಲ್ಲ. ಆದರೂ ಭರಮಣ್ಣ ಅವನ ತಂಡ ಬಿಡಲಿಲ್ಲ. ದಿಗಂಬರನಿಗೆ ಸಿಟ್ಟು ಬಂತು.

"ನಾಚಿಕಿ ಬರೂದಿಲ್ಲೇನೋ ನಿನಗ?"

"ಮುಂದಿನ ತಿಂಗಳ ಅಂವ ಬೆಳಗಾಂವದಾಗ ಹಾಡಾಂವ ಅದಾನ. ಅಲ್ಲೀತನಕ ಹಲ್ಲ ಕಚ್ಚಿ ಸುಮ್ನಿರು."

ಬೆಳಗಾವಿಯ ಕಾರ್ಯಕ್ರಮದ ಭಾನುವಾರ ಮೈದಾನ ಕಿಕ್ಕಿರಿದಿತ್ತು. ಭರಮಣ್ಣ ಹೇಳಿಕಳಿಸಿದ್ದರಿಂದ ಸಿದ್ದಕ್ಕ ಗೇಟಿನ ಬಳಿ ನಿಂತಿದ್ದಳು. ಎಲ್ಲರೂ ಕಾಯುತ್ತಿದ್ದ ಹಾಡಿನ ನಡುವೆ ತುಷಾರ ಸುಮ್ಮನಾಗಿ, ಹಿಂದಿನವರು ಊದುವ ಜಾಗ ಬಂತು. ಭರಮಣ್ಣ ಟ್ರಂಪೆಟ್ ಎತ್ತಿ ಅಂತ್ಯಯಾತ್ರೆಯ ಧಾಟಿ ಹಿಡಿದ. ದಿಗಂಬರ ಜೊತೆಯಾದ. ಮುಂಬಯಿಯ ಡ್ರಮ್ಮಿನವನಿಗೆ ಏನು ಗೊತ್ತು! ಹೊಸ ಏರ್ಪಾಡಿರಬೇಕೆಂದು ಅವನೂ ಕೈ ನಿಧಾನಿಸಿ ತಾಳ ಕೊಟ್ಟ.

ಮೊದಲು ಹಿಂದಿನ ಸಾಲುಗಳಲ್ಲಿ ಕುಣಿತ ನಿಂತಿತು. ಖಾನಾಪುರದ ಕಡೆಯವರು ಚಪ್ಪಲಿ ಕಳಚಿ ಕೈಮುಗಿದರು. ಮರಾಠಿಯವರು, ಕನ್ನಡದವರು, ಒಬ್ಬರ ನಂತರ ಒಬ್ಬರು ಕೈಮುಗಿದರು. ವೇದಿಕೆಯ ಮೇಲೆ ಇವರಿಬ್ಬರನ್ನು ಬಿಟ್ಟರೆ ಅರ್ಥವಾದದ್ದು ಹಿಂದವಾಡಿಯಲ್ಲಿ ಬೆಳೆದ ತುಷಾರನಿಗೆ ಮಾತ್ರ. ಅವನು ಗಕ್ಕನೆ ಹಿಂದಕ್ಕೆ ತಿರುಗಿದ.

"ಏ, ನಿಲ್ಲಸ್ರಿ! ನಿಲ್ಲಸ್ರಲೇ!"

ಮೈಕು ಕೈಯಲ್ಲೇ ಇತ್ತು. ಸಾವಿನ ವಾದ್ಯ ನಿಲ್ಲಿಸೆಂದು ಅರಚಿದವನ ದನಿಯನ್ನು ಇಡೀ ಬೆಳಗಾವಿ ಕೇಳಿತು. ಇಬ್ಬರೂ ಊದುತ್ತಲೇ ವೇದಿಕೆ ಇಳಿದರು. ಜನ ದಾರಿ ಬಿಟ್ಟು, ಹೆಣದ ಹಿಂದೆ ನಡೆವಂತೆ ಹಿಂದೆ ನಡೆದರು. ಏಳು ಹೆಜ್ಜೆಗೆ ಯಾರೂ ನಿಲ್ಲಲಿಲ್ಲ. ಗೇಟಿನಲ್ಲಿ ಸಿದ್ದಕ್ಕ ಸೆರಗು ಬಾಯಿಗೊತ್ತಿ ಅವರ ಜೊತೆಗೂಡಿದಳು. ತುಷಾರ ಅರ್ಧ ಖಾಲಿ ಮೈದಾನಕ್ಕೆ ಹಾಡು ಮುಗಿಸಿದ.

ಇಪ್ಪತ್ತು ದಿನಕ್ಕೆ ಅವನೇ ಖಾನಾಪುರಕ್ಕೆ, ಭರಮಣ್ಣನ ಮನೆಗೆ ಬಂದ. ಭರಮಣ್ಣ ಕುಂದರ್ರಿ ಎಂದು ಚಹಾ ಕೊಡಿಸಿದ.

"ಹುಟ್ಟಿದೂರಾಗ ನನ್ನ ಮಾನಾ ತಗದಿ ಭರಮಣ್ಣಾ. ಇರ್ಲಿ, ನಂದೂ ತಪ್ಪೈತಿ. ಮಾಫ್ ಮಾಡು, ವಾಪಸ್ ಬಾ."

"ಮಾಫಿ ನನ್ನ ಕಡೆ ಇಲ್ರಿ ಸಾಹೇಬ್ರ. ಈ ಓಣ್ಯಾಗ ಮೂರನೇ ಮನಿ ಸಿದ್ದಕ್ಕಂದು. ನಡಕೊಂತ ಹೋಗ್ರಿ. ಆಕಿ ಹೂಂ ಅಂದ್ರ ನಾನೂ ಹೂಂ."

ತುಷಾರ ಓಣಿಯ ಕಡೆ ನೋಡಿದ. ಕಟ್ಟೆಗಳ ಮೇಲೆ ಜನ ಕುಳಿತಿದ್ದರು. ಅವನು ಗಾಡಿ ಹತ್ತಿ ಹೆದ್ದಾರಿಯ ಕಡೆ ತಿರುಗಿಸಿದ. ಅವನು ಮುಟ್ಟದೆ ಬಿಟ್ಟ ಚಹಾವನ್ನು ಭರಮಣ್ಣ ಅಂಗಳಕ್ಕೆ ಚೆಲ್ಲಿದ.

ನಾಲ್ಕು ವರ್ಷದ ಮೇಲೆ, ಆಸ್ಪತ್ರೆಯಲ್ಲಿ ಭರಮಣ್ಣನ ಮಂಚದ ಬದಿಗೆ ಕುಳಿತು ದಿಗಂಬರ ಕೇಳಿಕೊಂಡ.

"ಈಗರ ಆ ಸಿಟ್ಟ ಬಿಟ್ಟಬಿಡೋ ಭರಮಾ. ಹಗುರ ಆಗ್ತದ."

"ಅಂವ ಸಿದ್ದಕ್ಕನ ಮನಿ ಬಾಗಲಾ ಬಡದಾನೇನು?"

"ಇಲ್ಲ."

"ಹಂಗಾರ ಸುಮ್ಮ ಕುಂದರು," ಎಂದು ಭರಮಣ್ಣ ಗೋಡೆಯ ಕಡೆ ಹೊರಳಿದ.