ಬೆಳವಣಕಿಯ ಹಿತ್ತಾಳೆ ತಾಟು

ನಾಲ್ಕು ವರ್ಷದ ಹಿಂದೆ ನಾನು ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಶ್ರವಣ ತಪಾಸಣಾ ಶಿಬಿರಗಳಿಗೆ ಆಡಿಯಾಲಜಿಸ್ಟ್. ಅಂದರೆ, ಯಾರ ಕಿವಿ ಎಷ್ಟು ಕೇಳುತ್ತದೆಂದು ಅಳೆದು ಹೇಳುವವನು. ನನ್ನ ತೀರ್ಪಿಗೆ ಮೇಲ್ಮನವಿ ಇಲ್ಲವೆಂಬುದು ಸರ್ವಸಮ್ಮತ, ನಾನಂತೂ ಒಪ್ಪಿದ್ದೆ.

ಆ ಸಲ ತರಬೇತಿಗೆ ಬಂದವಳು ಅಸೂಟಿಯ ಶಿಲ್ಪಾ, ಕೊನೆಯ ವರ್ಷದ ವಿದ್ಯಾರ್ಥಿನಿ. ಆಡಿಯಾಲಜಿ ವಿದ್ಯಾರ್ಥಿಗಳ ಸಂಘಕ್ಕೆ ಅಧ್ಯಕ್ಷೆಯಾಗಲು ಚುನಾವಣೆಗೆ ನಿಂತಿದ್ದಳು.

"ಲೀಡರ್ ಆಗಿ ಏನ್ ಮಾಡಾಕಿವಾ? ಹಾರ ಹಾಕಿಸ್ಕೊಳ್ಳಾಕಿ?" ಎಂದು ಜೀಪಿನಲ್ಲಿ ಕಾಡಿಸಿದೆ.

"ಹಾರ ನಿಮಗ ಇರ್ಲಿ ಬಿಡ್ರಿ ಸರ್, ರಿಟೈರ್ ಆಗೋರು ನೀವು."

ಬೆಳವಣಕಿಯ ಶಿಬಿರಕ್ಕೆ ಅಜ್ಜಿಯೊಬ್ಬಳು ಎರಡು ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಕೂಸಿಗೆ ಇನ್ನೂ ಒಂದು ಮಾತೂ ಬಂದಿರಲಿಲ್ಲ.

"ಕಿವಿ ಚಲೋ ಅದಾವ್ರಿ. ಹಿಂದ ತಾಟ ಒಗದರ ಟಕ್ಕನ ತಿರಗಿ ನೋಡತಾಳ," ಎಂದು ಸಾಕ್ಷಿಗೆ ಮನೆಯ ಹಿತ್ತಾಳೆ ತಾಟನ್ನೇ ತಂದಿದ್ದಳು.

ಕೂಸನ್ನು ಹಲಗೆಯ ಮಂಚದ ಮೇಲೆ ಕೂರಿಸಿ, ಬೆನ್ನ ಹಿಂದೆ ಅದೇ ಹಲಗೆಗೆ ತಾಟು ಕೆಡವಿದೆ. ಕೂಸು ತಿರುಗಿತು. ಸಕಲ ಗಾಂಭೀರ್ಯದಿಂದ 'ಸಹಜ' ಎಂದು ಬರೆದೆ.

"ಸರ್, ತಡೀರಿ. ಹಲಗಿ ಅದುರಿದ್ದಕ್ಕ ತಿರಗ್ಯಾಳ್ರಿ!"

ಶಿಲ್ಪಾ ನೆಲಕ್ಕೆ ಕೌದಿ ಹಾಸಿ, ಅಜ್ಜಿಯ ತೊಡೆಯ ಮೇಲೆ ಕೂಸನ್ನು ಕೂರಿಸಿದಳು. ಹಿಂದೆ ನಿಂತು ತಾಟನ್ನು ಗಾಳಿಯಲ್ಲೇ ಹಿಡಿದು ಸೌಟಿನಿಂದ ಬಡಿದಳು. ಓಣಿಯ ನಾಯಿಗಳೆಲ್ಲ ಬೊಗಳಿದವು. ಕೂಸು ಅಜ್ಜಿಯ ಬಳೆ ತಿರುವುತ್ತಲೇ ಇತ್ತು.

"ನಮ್ಮ ಕೂಸಿಗೆ ಕಿವುಡಿ ಅಂತೀಯೇನ?" ಅಜ್ಜಿ ಸಿಡಿದಳು.

"ಈಗ ಗೊತ್ತಾದರ ಮಾತು ಬರತಾವ ಆಯೀ. ತಡಾ ಆದರ ಭಾಳ ಕಷ್ಟ."

ನಾನು 'ಸಹಜ'ಕ್ಕೆ ಗೀಟು ಹೊಡೆದೆ. ಸದ್ದಿಗೆ ಶ್ರವಣ ನರ ಸ್ಪಂದಿಸುವುದನ್ನು ಅಳೆಯುವ ಬೆರಾ ಪರೀಕ್ಷೆಯೂ ಶಿಲ್ಪಾಳ ಮಾತನ್ನೇ ಎತ್ತಿಹಿಡಿಯಿತು. ಶ್ರವಣ ಸಾಧನ ತೊಡಿಸಿದ ದಿನ ಅಜ್ಜಿ ಬೆನ್ನ ಹಿಂದಿನಿಂದ "ಗಂಗವ್ವಾ!" ಎಂದು ಕೂಗಿದಳು. ಕೂಸು ಸರಕ್ಕನೆ ತಿರುಗಿತು! ನಾನು ಕುರ್ಚಿಯಿಂದ ಹಾರಿ ಚಪ್ಪಾಳೆ ತಟ್ಟಿದೆ. ಹುದ್ದೆಯ ಘನತೆಗೆ ಅದು ತೀರಾ ವಿರುದ್ಧ.

ಆಗ ಶಿಲ್ಪಾ ಹೇಳಿದಳು: "ನೀವರ ಗೀಟು ಹೊಡದ್ರಿ ಸರ್. ಬ್ಯಾರೆ ಕಡೆ ಟ್ರೇನಿ ಬಾಯಿ ಹಾಕಿದರ ಹೊರಗ ನಿಲ್ಲಸ್ತಾರ. ಅಲ್ಲೂ ಒಬ್ಬರರ 'ತಡೀರಿ' ಅನ್ನಾಕ ಬೇಕಲ್ರಿ, ಅದಕ್ಕ ಎಲೆಕ್ಷನ್ನಿಗೆ ನಿಂತೀನಿ."

ಅವಳು ಗೆದ್ದಳು. ಸಂಘದ ಮೊದಲ ಬೇಡಿಕೆ: ತರಬೇತಿಯವರು ಸಂಶಯ ಎತ್ತಿದರೆ ಮರುಪರೀಕ್ಷೆ ಮಾಡದೆ ಹಿರಿಯರು ವರದಿಗೆ ಸಹಿ ಹಾಕಬಾರದು. ಹಿರಿಯರಲ್ಲಿ ಅದಕ್ಕೆ ಮೊದಲು ಬೆಂಬಲದ ಸಹಿ ಹಾಕಿದವನು ನಾನು. ಅಂಥ ಕಾಗದದಲ್ಲಿ ತಪ್ಪು ಮಾಡಿದವನ ಸಹಿಗೇ ಹೆಚ್ಚು ತೂಕವೆಂದು ಈ ಕೆಲಸ ನನಗೆ ಕಲಿಸಿತು.