ಉಪ್ಪು ಕಮ್ಮಿ ತೊಕ್ಕು

ನಮ್ಮ ಮಾವನಿಗೆ ಎಡಗೈ ಸ್ವಾಧೀನ ತಪ್ಪಿದ್ದು ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ. ಮೂರು ವಾರಕ್ಕೆ ಕೈ ಮತ್ತೆ ಹಿಡಿತಕ್ಕೆ ಬಂತು. ಮೈಸೂರಿನ ಡಾಕ್ಟರು, “ಲಕ್ವ ಈ ಸಲ ಬಿಟ್ಟಿದೆ, ಇನ್ನೊಂದು ಸಲ ಬಿಡೋದಿಲ್ಲ. ಬಿಪಿ ಮಾತ್ರೆ ತಪ್ಪಿಸಬೇಡಿ, ಉಪ್ಪು ಅರ್ಧಕ್ಕರ್ಧ ಇಳಿಸಿ, ಉಪ್ಪಿನಕಾಯಿ ತೊಕ್ಕು ಮುಟ್ಟಿಸಲೇಬೇಡಿ” ಎಂದು ಹೇಳಿ ನನ್ನ ಕಡೆ ನೋಡಿದರು. ನಾನು ಹುಲ್ಲಹಳ್ಳಿಯ ಆಸ್ಪತ್ರೆಯಲ್ಲಿ ನರ್ಸು. ಮನೆಯಲ್ಲೇ ನರ್ಸಿದ್ದ ಮೇಲೆ ಹೊಣೆಯೆಲ್ಲ ಅವಳದೇ ಎಂದು ಡಾಕ್ಟರಿಗೂ ಅನ್ನಿಸಿತು, ಮನೆಯವರಿಗೂ ಅನ್ನಿಸಿತು. ನನಗೂ ಅನ್ನಿಸಿತು ಅನ್ನಿ.

ಹದಿನಾರು ಎಂಬ ಊರಿನ ನಮ್ಮ ಮನೆಯಲ್ಲಿ ಟೊಮೇಟೊ ತೊಕ್ಕು ಎಲೆಯ ಮೂಲೆಗೆ ಬಡಿಸುವ ಪದಾರ್ಥವಲ್ಲ. ಮಾವನಿಗೆ ಅದೇ ಸಾರು, ಅದೇ ಪಲ್ಯ. ಬಿಸಿ ಮುದ್ದೆಯನ್ನು ಅದಕ್ಕೆ ಅದ್ದಿ ನುಂಗಿಯೇ ಅವರು ಗದ್ದೆಗೆ ಹೊರಡುತ್ತಿದ್ದದ್ದು. ಹಣ್ಣು ಅಗ್ಗವಾದಾಗ ಅತ್ತೆ ಎರಡು ಭರಣಿ ತೊಕ್ಕು ಮಾಡಿಡುತ್ತಿದ್ದರು. ಕೆಡದಿರಲೆಂದು ಹಿಡಿ ಹಿಡಿ ಕಲ್ಲುಪ್ಪು, ಮೇಲೆ ನಿಲ್ಲುವಷ್ಟು ಎಣ್ಣೆ. ನಾನು ಅದನ್ನು ನಿಲ್ಲಿಸಿದೆ. ಎರಡು ಮುದ್ದೆ ತಿನ್ನುತ್ತಿದ್ದ ಮಾವ ಅರ್ಧ ಮುದ್ದೆಗೆ ಇಳಿದರು. ಒಂದು ತಿಂಗಳಲ್ಲಿ ಅವರ ಅಂಗಿ ಗೂಟಕ್ಕೆ ನೇತುಹಾಕಿದ ಹಾಗೆ ಕಾಣತೊಡಗಿತು.

“ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂದು ಇಲ್ಲ ಅಂತ ಸುಮ್ಕೆ ಅಂದವ್ರಾ?” ಎಂದರು ಅತ್ತೆ. “ಬಿಪಿ ಬಂದು ಸಾಯೋಕ್ ಮುಂಚೆ ಒಟ್ಟೆಗಿಲ್ದೆ ಸಾಯ್ತರೆ ಕಣವ್ವ ನಿಮ್ಮಾವ.”

ನನಗೆ ಸಿಟ್ಟು ಬಂತು. ಅವರು ಹೇಳಿದ್ದು ನಿಜವಾಗಿದ್ದರಿಂದ ಇನ್ನಷ್ಟು ಬಂತು. ಉಪ್ಪು ಕಮ್ಮಿ ಇದ್ದೂ ಕೆಡದಂಥ ತೊಕ್ಕು ಮಾಡಿಯೇ ತೀರುತ್ತೇನೆಂದು ಅಂದೇ ಪಟ್ಟು ಹಿಡಿದೆ.

ಆಗ ನಮ್ಮ ಆಸ್ಪತ್ರೆಯಲ್ಲಿ ಗಾಜಿನ ಸಿರಿಂಜುಗಳು. ಚುಚ್ಚುಮದ್ದಿನ ದಿನ ಅವನ್ನು ಕುಕ್ಕರಿನಲ್ಲಿಟ್ಟು ಬೇಯಿಸುವುದು ನನ್ನ ಕೆಲಸ. ಸಿರಿಂಜಿಗೆ ಯಾರೂ ಉಪ್ಪು ಹಾಕುವುದಿಲ್ಲ, ಆದರೂ ಕ್ರಿಮಿ ಸಾಯುತ್ತದೆ. ತೊಕ್ಕನ್ನೂ ಬಾಟಲಿಗೆ ತುಂಬಿ, ಮುಚ್ಚಳ ಹಾಕಿ, ಬಾಟಲಿ ಸಮೇತ ಕುದಿಸಿದರೆ ಯಾಕೆ ಉಳಿಯಬಾರದು ಎಂದು ಲೆಕ್ಕ ಹಾಕಿದೆ. ಹುಲ್ಲಹಳ್ಳಿ ಸಂತೆಯಲ್ಲಿ ಐದು ಕೆಜಿ ನಾಟಿ ಟೊಮೇಟೊ ಕೊಂಡು, ನಂಜನಗೂಡಿನಲ್ಲಿ ಬಸ್ಸು ಬದಲಿಸಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ.

ಮಗನ ಹಾಲಿನಪುಡಿಯ ಗಾಜಿನ ಬಾಟಲಿಗಳು ನಾಲ್ಕಿದ್ದವು. ಆತುರಗಾರಳು ನಾನು, ತಣ್ಣಗಿದ್ದ ಬಾಟಲಿಗಳನ್ನು ನೇರ ಕುದಿಯುವ ನೀರಿಗೆ ಇಳಿಸಿದೆ. ಎರಡು ಟಪ್ಪೆಂದು ಸೀಳಿದವು. ಮುಂದಿನ ವಾರ ಬುದ್ಧಿ ಬಂದು, ಹಂಡೆಯ ತಳಕ್ಕೆ ಹಳೇ ಪಂಚೆ ಹಾಸಿ, ಬಾಟಲಿಯನ್ನೂ ನೀರನ್ನೂ ಒಟ್ಟಿಗೇ ಬಿಸಿ ಮಾಡಿದೆ. ಒಂದೂ ಒಡೆಯಲಿಲ್ಲ. ಹದಿನೈದು ದಿನಕ್ಕೆ ತೆಗೆದು ನೋಡಿದರೆ ಮುಚ್ಚಳದ ಕೆಳಗೆ ಸುತ್ತಲೂ ಬೆಳ್ಳಗೆ ಬೂಷ್ಟು.

“ನಿನ್ನ ಆಸ್ಪತ್ರೆ ಇದ್ಯೆಗೂ ಬೂಷ್ಟು ಇಡೀತದಲ್ಲವ್ವ” ಎಂದರು ಅತ್ತೆ.

ಮೂರನೇ ಸಲವೂ ಅದೇ ಕಥೆ. ನನ್ನ ಯಜಮಾನರು, “ಸಾಕು ಬುಡು, ಮಜ್ಜಿಗೆ ಕಲಸ್ಕಂಡ್ ತಿನ್ಲಿ” ಎಂದರು. ನಾನು ಬಿಡಲಿಲ್ಲ. ಟೊಮೇಟೊವನ್ನು ಬೈದೆ, ಹಂಡೆಯನ್ನು ಬೈದೆ. ಅತ್ತೆಯೇ ಬೇಕೆಂದು ಮುಚ್ಚಳ ತೆಗೆದು ಮುಚ್ಚಿರಬೇಕೆಂದು ಕೂಡ ಅನುಮಾನಪಟ್ಟೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎರಡು ದಿನ ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಮುಚ್ಚಳ ತೊಳೆಯುವಾಗ ಒಳಗಿದ್ದ ದುಂಡನೆಯ ರಟ್ಟು ಬೆರಳಿಗೆ ಸಿಕ್ಕಿತು. ನೀರು ಕುಡಿದು ಊದಿಕೊಂಡಿತ್ತು, ಅಂಚೆಲ್ಲ ಬೂಷ್ಟು. ಕಳ್ಳ ಸಿಕ್ಕಿಬಿದ್ದಿದ್ದ. ನಂಜನಗೂಡಿನ ಒಂದು ಬೇಕರಿಯಲ್ಲಿ ಜಾಮಿನ ಖಾಲಿ ಬಾಟಲಿಗಳು ಸಿಕ್ಕವು. ಚಿಕ್ಕವು, ತಗಡಿನ ಮುಚ್ಚಳ, ಒಳಗೆ ರಟ್ಟಿನ ಬದಲು ರಬ್ಬರಿನ ಪಟ್ಟಿ. ಒಮ್ಮೆ ತೆಗೆದರೆ ಮೂರ್ನಾಲ್ಕು ದಿನದಲ್ಲಿ ಮುಗಿಯುವ ಅಳತೆ. ಆ ಸಲದ ತೊಕ್ಕು ಒಂದು ತಿಂಗಳಾದರೂ ನೆಟ್ಟಗಿತ್ತು.

ಮಾವ ನಾಲಿಗೆಗಿಟ್ಟು, “ದನಕ್ಕೆ ಕಲಗಚ್ಚು ಕೊಟ್ಟಂಗದೆ ಕಣವ್ವ” ಎಂದು ತಟ್ಟೆ ಸರಿಸಿದರು. ನನಗೆ ಅಳುವೇ ಬಂತು. ಕೆಡದಂತೆ ಮಾಡುವುದನ್ನು ಕಲಿತೆನೇ ಹೊರತು ತಿನ್ನುವಂತೆ ಮಾಡುವುದನ್ನಲ್ಲ.

ಮುಂದಿನ ಭಾನುವಾರ ಅತ್ತೆ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿದರು. “ಸರ್ಕೊ ಅತ್ಲಾಗೆ. ಉಪ್ಪು ಬ್ಯಾಡ ಅಂದ್ರೆ ಉಳಿನಾದ್ರೂ ಜಾಸ್ತಿ ಆಕ್ಬೇಕಲ್ವ” ಎಂದು ಹುಣಸೆಹುಳಿಯನ್ನು ಗಟ್ಟಿಯಾಗಿ ಕಿವುಚಿ ಸುರಿದರು. ಎರಡು ಹಿಡಿ ಬೆಳ್ಳುಳ್ಳಿ ಜಜ್ಜಿ ಹಾಕಿದರು, ಮೆಂತ್ಯ ಹುರಿದು ಕುಟ್ಟಿ ಉದುರಿಸಿದರು. ಸೌದೆ ಒಲೆಯ ಮುಂದೆ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ, ತೊಕ್ಕು ಬಾಣಲೆ ಬಿಡುವ ತನಕ ತಿರುವಿದರು. ಹುಳಿ ಹೆಚ್ಚಿದರೆ ತೊಕ್ಕು ಕೆಡುವುದೂ ಕಡಿಮೆ ಎಂದು ನಾನು ಓದಿದ್ದೆ. ಅದು ನೆನಪಾದದ್ದು ಅವರು ಹುಳಿ ಸುರಿದ ಮೇಲೆ.

ಮಾವ ಮುದ್ದೆ ಮುರಿದು ಅದ್ದಿದರು. ನುಂಗಿದರು. ಮತ್ತೊಮ್ಮೆ ಅದ್ದಿದರು. ತಟ್ಟೆ ಬರಿದಾದ ಮೇಲೆ, “ಇನ್ನರ್ದ ಇಟ್ಟು ಬುಡು” ಎಂದು ಮತ್ತೆ ಮುದ್ದೆ ಕೇಳಿದರು. ನಾನು ಹಿತ್ತಲಿಗೆ ಹೋಗಿ ಮೂಗು ಸೀನಿಕೊಂಡು ಬಂದೆ.

ಅಲ್ಲಿಂದ ಹದಿನೈದು ದಿನಕ್ಕೊಂದು ಭಾನುವಾರ ನಮಗೆ ಅದೇ ಕೆಲಸ. ಅತ್ತೆ ತಿರುವುವುದು, ನಾನು ತುಂಬಿ ಕುದಿಸುವುದು. ಪ್ರತಿ ಭಾನುವಾರ ಬೆಳಿಗ್ಗೆ ಮಾವನನ್ನು ಜಗಲಿಯ ಮೇಲೆ ಕೂರಿಸಿ ತೋಳಿಗೆ ಬಿಪಿ ಪಟ್ಟಿ ಕಟ್ಟುತ್ತಿದ್ದೆ. ನಾಲ್ಕು ತಿಂಗಳಲ್ಲಿ ಪಾದರಸ ಇಳಿಯುತ್ತ ಬಂದು ಒಂದು ದಿನ ನೂರ ಮೂವತ್ತಕ್ಕೆ ನಿಂತಿತು. ಗೆದ್ದೆ ಅನ್ನಿಸಿತು. ಬೀದಿಯಲ್ಲಿ ಹೋಗುತ್ತಿದ್ದವರನ್ನೂ ಕರೆದು ಹೇಳಿದೆ.

ಸದ್ದು ಕೇಳಿ ಅತ್ತೆ ಸೌಟು ಹಿಡಿದುಕೊಂಡೇ ಹೊರಗೆ ಬಂದರು. “ನಂಗೂ ಒಂದ್ಸಲಿ ಕಟ್ಟವ್ವ, ಎಂಗಿರ್ತದೆ ನೋಡ್ಮ” ಎಂದು ನಗುತ್ತ ತೋಳು ಚಾಚಿದರು.

ನೂರ ತೊಂಬತ್ತರ ಮೇಲೆಯೇ ನಾಡಿಯ ಸದ್ದು ಕೇಳಿತು. ಮಿಷನ್ನೇ ಕೆಟ್ಟಿರಬೇಕೆಂದು ನನ್ನ ತೋಳಿಗೆ ಕಟ್ಟಿಕೊಂಡು ನೋಡಿದೆ, ಸರಿಯಾಗಿತ್ತು. ಮತ್ತೆ ಅವರಿಗೆ ಕಟ್ಟಿದೆ. ಅಷ್ಟೇ ಇತ್ತು.

“ಎಷ್ಟವ್ವ?”

“ಮಾವನಿಗೆ ಕೈ ಬಿದ್ದ ದಿನ ಇದ್ದಷ್ಟು.”

ಅತ್ತೆ ಸೌಟನ್ನು ನಿಧಾನಕ್ಕೆ ಕೆಳಗಿಟ್ಟರು. ತಲೆನೋವೆಂದು ಅವರು ಹಣೆಗೆ ಬಟ್ಟೆ ಬಿಗಿದುಕೊಂಡು ಒಲೆಯ ಮುಂದೆ ಕೂತದ್ದನ್ನು ವರ್ಷದಿಂದ ನಾನೇ ನೋಡುತ್ತಿದ್ದೆ. ಹೊಗೆಗೆ ಬಂದಿರಬೇಕು ಎಂದು ಮುಲಾಮು ತಂದುಕೊಟ್ಟಿದ್ದೆ. ಊರೂರು ತಿರುಗಿ ಎಷ್ಟೋ ಹೆಂಗಸರ ತೋಳಿಗೆ ಪಟ್ಟಿ ಕಟ್ಟಿದವಳು, ಮದುವೆಯಾಗಿ ಎಂಟು ವರ್ಷವಾದರೂ ಈ ಕೈಯನ್ನು ಹಿಡಿದದ್ದು ಅಂದೇ ಮೊದಲು. ತುಂಬ ನಾಚಿಕೆಯಾಯಿತು.

ಸೋಮವಾರ ರಜೆ ಹಾಕಿ ಅವರನ್ನು ಮೈಸೂರಿನ ಮೊದಲ ಬಸ್ಸಿಗೆ ಕರೆದುಕೊಂಡು ಹೊರಟೆ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಅತ್ತೆ ಮನೆಯ ಕಡೆ ತಿರುಗಿ ನಿಂತರು.

“ನಿಮ್ಮಾವ್ನಿಗೆ ಇಟ್ಟು ಯಾರವ್ವ ಇಕ್ತರೆ?”

“ಅವ್ರೇ ಇಕ್ಕಂಡ್ ತಿಂತಾರೆ. ನೀವು ಬಸ್ ಅತ್ತಿ ಅತ್ತೆ.”