ಕಲ್ಲನ್ನು ಇಡಿಯಾಗಿ ಎತ್ತುವ ಅಬ್ದುಲ್ ಕರೀಮ್

"ಇನ್ನೊಂದ್ ಕೊಡ ಸುರೀರಿ ಅಕ್ಕಾ. ಅಂಚಿಗಿ. ಹಾಂ, ಸಾಕು."

ಸೂಗಮ್ಮ ಖಾಲಿ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ನಿಲ್ಲುತ್ತಾರೆ. ಅರವತ್ತು ದಾಟಿದ ಅಬ್ದುಲ್ ಕರೀಮ್ ಹಳೆ ಬಾಗಿಲಿನ ಒದ್ದೆ ಪಾವಟಿಗೆ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಸುಮ್ಮನೆ ನೋಡುತ್ತಿದ್ದಾರೆ. ಕುರಕುಂಟಾದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ.

"ಕಲ್ಲ್ ಕೀಳ್ಲಿಕ ಬಂದೀದಿ ಏನು, ಅದಕ್ಕ ಜಳಕಾ ಮಾಡಸ್ಲಿಕ ಬಂದೀದಿ?"

"ಬಿರುಕ್ ಇದ್ದಲ್ಲಿ ನೀರು ತಡಾ ಮಾಡಿ ಆರ್ತದ ಅಕ್ಕಾ. ಎಲ್ಲಿ ಹಾರಿ ಹಾಕಬಾರದು ಅಂತ ಅದೇ ಹೇಳ್ತದ."

ರಸ್ತೆ ಅಗಲವಾಗಲಿದೆ. ಮನೆಯ ಮುಂಭಾಗ ಕೆಡವಲು ಇವತ್ತೇ ಜೆಸಿಬಿ ಬರುತ್ತದೆ. ಹಿಂದೆ ಸರಿದು ಹೊಸ ಬಾಗಿಲು ಎದ್ದು ನಿಂತಿದೆ. ಅದರ ಮುಂದೆ ಇದೇ ಕಲ್ಲು ಕೂರಬೇಕೆಂಬುದು ಸೂಗಮ್ಮನವರ ಹಟ. ಅತ್ತೆ, ಅತ್ತೆಯ ಅತ್ತೆ, ಆಮೇಲೆ ತಾನು, ತುಳಿದು ತುಳಿದು ನಡುವೆ ಬೋಗುಣಿಯಂತೆ ತಗ್ಗು ಬಿದ್ದ ಕಲ್ಲು. ಸೇಡಂನಲ್ಲಿ ಮಾಸ್ತರನಾಗಿರುವ ಮಗ ಮಹೇಶಕುಮಾರನಿಗೆ ಗ್ರಾನೈಟ್ ಬೇಕು. ಇಡಿಯಾಗಿ ಬಂದರೆ ತಾಯಿಯ ಮಾತು, ಒಡೆದರೆ ಗಟಾರದ ಮೇಲಿನ ಹಾಸು ಎಂದು ಇಬ್ಬರಲ್ಲೂ ಒಪ್ಪಂದವಾಗಿದೆ.

ಈ ಸೀಮೆಯ ನೆಲವೇ ರೊಟ್ಟಿ ಒಟ್ಟಿದಂತೆ ಪದರ ಪದರ. ಶಹಾಬಾದದ ಗಣಿಗಳಿಂದ ಎದ್ದ ಫರಸಿ ಕಲ್ಲು ಚಿತ್ತಾಪುರದ ಹೊಲಕ್ಕೆ ಬೇಲಿ, ವಾಡಿಯ ಮನೆಗೆ ಮಾಳಿಗೆ, ಚಿಂಚೋಳಿ ಕಡೆ ದನದ ನೀರಿನ ತೊಟ್ಟಿ. ಪಕ್ಕದ ಮಳಖೇಡದಿಂದ ರಾಷ್ಟ್ರಕೂಟರು ಆಳಿ ಹೋದರು, ಹೈದರಾಬಾದಿನಿಂದ ನಿಜಾಮರು ಆಳಿ ಹೋದರು. ಮನೆ ಬಿದ್ದಾಗೆಲ್ಲ ಕಲ್ಲು ಮಾತ್ರ ಇನ್ನೊಂದು ಮನೆಗೆ ನಡೆಯಿತು. ಹಾಗೆ ನಡೆಸುವವರಲ್ಲಿ ಕರೀಮ್ ಒಬ್ಬರು.

ಶಹಾಬಾದದವರು. ಅಪ್ಪನ ಜೊತೆ ಗಣಿಯಲ್ಲಿ ಕಲ್ಲು ಸೀಳುತ್ತಿದ್ದಾಗ ಸಿಡಿದ ಚೂರೊಂದು ಎಡಗಣ್ಣನ್ನು ಮಬ್ಬು ಮಾಡಿತು. ಆಮೇಲೆ ಹಳೆ ಮನೆಗಳ ಕಲ್ಲು ಬಿಡಿಸುವ ಕೆಲಸ ಹಿಡಿದರು. ತಿಂಗಳಿಗೆ ಎರಡು ಮೂರು ಮನೆ, ಮಳೆಗಾಲದಲ್ಲಿ ಒಂದೂ ಇಲ್ಲ. "ಹೊಸಾ ಕಲ್ಲ್ ಒಡದ್ರ ಇನ್ನೊಂದು ಸಿಗ್ತದ್ರಿ. ಇಂಥಾದು ಒಡದ್ರ ಎಲ್ಲಿಂದ ತರಾದು?" ಎನ್ನುತ್ತಾರೆ. ಹೆಂಡತಿ ಸರ್ವರಬೇಗಂ ಎಣ್ಣೆ ತಿಕ್ಕುತ್ತ ಬೈಯುವುದನ್ನೂ ಅವರೇ ಹೇಳಿ ನಗುತ್ತಾರೆ: "'ಮಂದಿ ಕಲ್ಲು ನೀ ಉಳಸ್ತಿ, ನಿನ್ನ ಸೊಂಟ ಯಾರು ಉಳಸ್ಬೇಕು' ಅಂತಾಳ್ರಿ."

ಕಲ್ಲು ಆರುತ್ತಿದೆ. ಬಲಮೂಲೆಯಲ್ಲಿ ಮಾತ್ರ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿಯುತ್ತದೆ. ಸೂಗಮ್ಮ ಬಗ್ಗಿ ಅದನ್ನು ನೋಡುತ್ತಾರೆ.

ಕರೀಮ್ ಬಲಬದಿಯನ್ನು ಮುಟ್ಟುವುದಿಲ್ಲ. ಎಡದಿಂದ ಹಾರೆ ತೂರಿಸುತ್ತಾರೆ, ಚೂರು ಎತ್ತುತ್ತಾರೆ, ಗೋಣಿಚೀಲ ತುರುಕುತ್ತಾರೆ, ಮತ್ತೆ ಚೂರು. ದೂರದ ತಿರುವಿನಲ್ಲಿ ಜೆಸಿಬಿಯ ಸದ್ದು. ಹೊಸ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಹೇಶಕುಮಾರ ತಾನಾಗಿ ಬಂದು ಕೈ ಹಚ್ಚುತ್ತಾನೆ.

"ಜಗ್ಗಬ್ಯಾಡ್ರಿ ಮಾಸ್ತರ್. ಸುಮ್ನ ಹಿಡೀರಿ. ಅದು ಬರ್ಲಿ."

ಕಲ್ಲು ಮಣ್ಣು ಬಿಟ್ಟು ಮೇಲೇಳುತ್ತದೆ, ನಿಧಾನಕ್ಕೆ ಗೋಡೆಗೆ ಒರಗುತ್ತದೆ. ಇಡಿಯಾಗಿ.

ಈಗ ಅದರ ತಳ ಎಲ್ಲರಿಗೂ ಕಾಣುತ್ತದೆ. ಸಮತಟ್ಟು, ತಿಳಿಬೂದು, ನಿನ್ನೆ ಗಣಿಯಿಂದ ಬಂದ ಹಾಗೆ. ಸವೆದ ಕಲ್ಲನ್ನು ಮಗುಚಿ ಹಾಕುವುದು ಈ ಕಡೆಯ ರೂಢಿ. ಕರೀಮ್ ಕೆಲಸ ಮಾಡಿದ ಮನೆಗಳವರೆಲ್ಲ ಕೇಳುವುದೂ ಅದನ್ನೇ.

"ನಿನ್ನ ಕಲ್ಲೇ ಗೆದ್ದದ ನೋಡವಾ. ಗ್ರಾನೈಟ್‌ಕಿಂತ ಚಲೋ ಅದ," ಎಂದು ಮಗ ಸೋಲೊಪ್ಪುತ್ತಾನೆ.

ಕರೀಮ್ ಹೆಗಲ ಟವೆಲ್ಲಿನಿಂದ ತಳದ ಮಣ್ಣು ಒರೆಸುತ್ತಾರೆ. ಇಷ್ಟು ಚೆಂದದ ತಳ ಅವರಿಗೂ ಅಪರೂಪ. "ಮಗುಚಿ ಕೂಡಸ್ತೀನಿ ಅಕ್ಕಾ. ತಗ್ಗು ಕೆಳಗ ಹೋಗ್ತದ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹೊಸಾದಂಗೇ ಇರ್ತದ."

ಸೂಗಮ್ಮ ಕೊಡವನ್ನು ಕೆಳಗಿಡುತ್ತಾರೆ.

"ಬ್ಯಾಡ," ಎನ್ನುತ್ತಾರೆ. "ಹೆಂಗಿತ್ತೋ ಹಂಗೇ ಇಡು."